ಬೆಲೆಯ ಕೆಳಗಿನ ಸಾಲು

ಮಧ್ಯಾಹ್ನದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಅಡುಗೆಕಟ್ಟೆ ಒರೆಸಿ, ಅತ್ತೆಯವರು ಗೋಡೆಯ ಕಡೆ ಮಗ್ಗುಲಾಗಿ ಮಲಗಿದ ಮೇಲೆ ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಚಳ್ಳಕೆರೆಯ ಆ ಹೊತ್ತಿನ ಗಾಳಿಗೆ ಮಿಲ್ಲುಗಳ ಶೇಂಗಾ ಎಣ್ಣೆಯ ವಾಸನೆ ಇರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ಈಗ ಆ ವಾಸನೆ ಇಲ್ಲದ ದಿನವೇ ಮಿಲ್ಲಿಗೆ ರಜೆಯೇನೋ ಎಂದು ಅದು ನೆನಪಾಗುವುದು. ಮೇಜಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಊಟದ ತಟ್ಟೆಗಳು ಬಿಟ್ಟ ದುಂಡನೆಯ ತೇವ ಇನ್ನೂ ಆರಿರುತ್ತಿರಲಿಲ್ಲ. ಅದರ ಮೇಲೆ ಒಂದು ಹಳೆಯ ಟವಲು ಹಾಸಿ, ಅದರ ಮೇಲೆ ನನ್ನ ಕೆಲಸ.

ನನ್ನ ಕೆಲಸ ಎಂದು ನಾನೇ ಕರೆಯುತ್ತಿದ್ದೆ. ಮನೆಯವರ ಬಾಯಲ್ಲಿ ಅದು 'ಕಂಪ್ಯೂಟರ್ ಮುಂದೆ ಕೂರೋದು'.

ನನ್ನ ಗಂಡ ಮತ್ತು ಮೈದುನ ಸೇರಿ ಪೇಟೆಯಲ್ಲಿ ಸೀರೆ ಅಂಗಡಿ ನಡೆಸುತ್ತಾರೆ. ದೊಡ್ಡಉಳ್ಳಾರ್ತಿಯ ಕಡೆ ಕಾವಲಿನ ಹುಲ್ಲುಗಾವಲಿನ ಅಂಚಿಗೆ ವಿಜ್ಞಾನ ಸಂಸ್ಥೆಗಳ ಹೊಸ ಕ್ಯಾಂಪಸ್ಸುಗಳು ಬಂದ ಮೇಲೆ ಬೇರೆ ಬೇರೆ ರಾಜ್ಯದ ಹೆಂಗಸರು ಅಂಗಡಿಗೆ ಬರತೊಡಗಿದರು. ಮೊಳಕಾಲ್ಮೂರಿನ ರೇಷ್ಮೆ ನೋಡಿ, ಊರಿಗೆ ಹೋದ ಮೇಲೆ ಆನ್‌ಲೈನಿನಲ್ಲಿ ಸಿಗುತ್ತದೆಯೇ ಎಂದು ಕೇಳುತ್ತಿದ್ದರು. ಮೈದುನ ಒಂದು ವೆಬ್‌ಸೈಟು ಶುರು ಮಾಡಿದ. ಅದಕ್ಕೆ ಒಂದು ಥೀಮ್, ಅಂದರೆ ಪುಟಗಳ ಸಿದ್ಧ ವಿನ್ಯಾಸ, ತಂದ. ಅದನ್ನು ನಮಗೆ ಬೇಕಾದ ಹಾಗೆ ತಿದ್ದುವವರು ಯಾರು ಎಂಬ ಮಾತು ಊಟದ ಹೊತ್ತಿನಲ್ಲಿ ಬಂದಾಗ, "ಅತ್ತಿಗೆ ಅದಾರಲ್ಲ, ಕಾನ್ವೆಂಟಿನಾಗೆ ಓದ್ಯಾರೆ, ಇಂಗ್ಲಿಷಿನಾಗೆ ಇರಾದನ್ನೆಲ್ಲ ಓದಿ ತಿಳ್ಕಂತಾರೆ" ಎಂದ. ನನ್ನ ಗಂಡ ತಲೆಯಾಡಿಸಿದರು. ಹಾಗೆ ಅದು ನನಗೆ ಬಂತು, ಹಬ್ಬದ ದಿನ ಹೋಳಿಗೆಯ ಹೂರಣ ರುಬ್ಬುವ ಕೆಲಸ ಬಂದ ಹಾಗೆ.

ಥೀಮ್ ಎಂದರೆ ಅಂಗಡಿಯಿಂದ ಹೊಲಿದು ತಂದ ರವಿಕೆ. ತೋಳು ಬಿಗಿ, ಭುಜ ಸಡಿಲ. ಬಿಚ್ಚಿ ಮತ್ತೆ ಹೊಲಿಯಬೇಕು. ಪುಟದ ಬಣ್ಣ, ಅಕ್ಷರದ ಗಾತ್ರ, ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂಬುದನ್ನೆಲ್ಲ ಹೇಳುವ ನಿಯಮಗಳು ಸ್ಟೈಲ್ ಶೀಟ್ ಎಂಬ ಕಡತದಲ್ಲಿರುತ್ತವೆ. ನಾನು ಮೊದಲು ಮಾಡಿದ್ದು, ಥೀಮಿನವರು ಬರೆದಿದ್ದ ಆ ಕಡತದೊಳಗೇ ಕೈ ಹಾಕಿ ತಿದ್ದಿದ್ದು. ಬಾಡಿಗೆ ಮನೆಯ ಗೋಡೆಗೆ ನಮ್ಮ ದುಡ್ಡಿನ ಸುಣ್ಣ ಹೊಡೆಸಿದಂತೆ. ಥೀಮಿನ ಹೊಸ ಆವೃತ್ತಿ ಬಂದ ದಿನ ನಾನು ತಿದ್ದಿದ್ದೆಲ್ಲ ಹೋಯಿತು. ಪುಟ ಮತ್ತೆ ಮೊದಲಿನ ಕಡುನೇರಳೆ ಬಣ್ಣಕ್ಕೆ ತಿರುಗಿ, ಅದರ ಮೇಲೆ ಇಟ್ಟ ಕೆಂಪು ಸೀರೆಗಳೆಲ್ಲ ಕೊಳೆತ ಬೀಟ್‌ರೂಟಿನಂತೆ ಕಂಡವು.

ಆಮೇಲೆ ಓದಿ ತಿಳಿದುಕೊಂಡೆ. ಮೂಲ ಥೀಮನ್ನು ಮುಟ್ಟದೆ, ಅದರ ಪಕ್ಕದಲ್ಲಿ ನಮ್ಮದೇ ಒಂದು ಚೈಲ್ಡ್ ಥೀಮ್ ಇಟ್ಟುಕೊಂಡು, ನಮ್ಮ ನಿಯಮಗಳನ್ನು ಅಲ್ಲಿ ಬರೆಯಬೇಕು. ಮೂಲದವರ ಕಡತ ಮೊದಲು ಓದಿಸಿಕೊಳ್ಳುತ್ತದೆ, ನಮ್ಮದು ಆಮೇಲೆ. ಒಂದೇ ಅಕ್ಷರಕ್ಕೆ ಇಬ್ಬರು ಎರಡು ಬಣ್ಣ ಹೇಳಿದರೆ, ಇಬ್ಬರ ಮಾತಿಗೂ ಒಂದೇ ತೂಕವಿದ್ದರೆ, ಕೊನೆಗೆ ಬಂದವರ ಮಾತು ನಡೆಯುತ್ತದೆ. ತೂಕ ಬೇರೆಯಾದರೆ ಮೊದಲು, ಕೊನೆ ಎಂಬುದಿಲ್ಲ, ತೂಕದ್ದೇ ನಡೆಯುತ್ತದೆ. ಎಲ್ಲ ಸಾಲುಗಳಿಗೂ ಅನ್ವಯಿಸುವಂತೆ ಬರೆದ ನಿಯಮಕ್ಕಿಂತ, ಇಂಥ ಗುಂಪಿನೊಳಗಿನ ಇಂಥ ಸಾಲು ಎಂದು ಬೆರಳಿಟ್ಟು ತೋರಿಸಿ ಬರೆದ ನಿಯಮ ತೂಕದ್ದು. ಇದೆಲ್ಲದರ ಮೇಲೆ 'ಇಂಪಾರ್ಟೆಂಟ್' ಎಂಬ ಒಂದು ಪದವಿದೆ. ನಿಯಮದ ಬಾಲಕ್ಕೆ ಅದನ್ನು ಅಂಟಿಸಿದರೆ ಮಿಕ್ಕವರೆಲ್ಲ ಬಾಯಿ ಮುಚ್ಚಬೇಕು. ಬಲ್ಲವರು ಅದನ್ನು ಬಳಸುವುದಿಲ್ಲ ಎಂದು ಓದಿದ ಎಲ್ಲ ಕಡೆಯೂ ಬರೆದಿತ್ತು. ನನಗೆ ಅದು ಕಷ್ಟವೆನಿಸಲಿಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ದನಿ ಏರಿಸಿದವಳನ್ನು ಸಿಸ್ಟರ್ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ನಾನು ಒಮ್ಮೆಯೂ ಹೊರಗೆ ನಿಂತವಳಲ್ಲ.

ಈ ನಿಯಮಗಳು ನನಗೆ ಇಷ್ಟವಾದವು. ಯಾರ ಮಾತು ಯಾಕೆ ನಡೆಯಿತು ಎಂದು ಇಲ್ಲಿ ಕೇಳಬಹುದಿತ್ತು, ಉತ್ತರ ಬರೆದಿಟ್ಟಿರುತ್ತಿತ್ತು. ಸೋತ ನಿಯಮದ ಮೇಲೆ ಬ್ರೌಸರ್ ಒಂದು ಗೆರೆ ಎಳೆದು ತೋರಿಸುತ್ತಿತ್ತು, ಸಿಸ್ಟರ್ ಸ್ಕೇಲಿಟ್ಟು ಹೊಡೆದ ಗೆರೆಯಷ್ಟೇ ನೇರಕ್ಕೆ.

ಇನ್ನು ಆ ಸಾಲಿನ ವಿಷಯ.

ಮೊಳಕಾಲ್ಮೂರಿನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ, ಅವ್ವನ ತಂಗಿ. ಅವ್ವ ಹೋದ ಮೇಲೆ ತವರು ಎಂದರೆ ನನಗೆ ಅವರ ಮನೆಯೇ. ರಜೆಗೆ ಕಾನ್ವೆಂಟಿನಿಂದ ಬಂದರೆ ಗುಂಡಿ ಮಗ್ಗದ ಅಂಚಿಗೆ ಕಾಲು ಇಳಿಬಿಟ್ಟುಕೊಂಡು ಕೂರುತ್ತಿದ್ದೆ. ಅವರು ಲಾಳಿ ಎಸೆಯುತ್ತಲೇ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನನ್ನ ಬೂಟಿನ ಬಗ್ಗೆ, ರಿಬ್ಬನ್ನಿನ ಬಗ್ಗೆ ತಮಾಷೆ ಮಾಡುತ್ತಿದ್ದರು. ಚಿಕ್ಕಮ್ಮನಿಗೆ ಒಂದು ಅಭ್ಯಾಸವಿದೆ. ಸೀರೆ ಮುಗಿಯುವ ಕಡೆ, ಉಟ್ಟಾಗ ಒಳಗೆ ಹೋಗುವ ತುದಿಯಲ್ಲಿ, ಬೆರಳಗಲ ಅರಿಶಿನದ ಬಣ್ಣದ ಎಳೆ ನೇಯುತ್ತಾರೆ. ಸೀರೆ ಯಾವ ಬಣ್ಣದ್ದಾದರೂ ಸರಿ, ಆ ಪಟ್ಟಿ ಅರಿಶಿನದ್ದೇ. ಅದು ಯಾರಿಗೂ ಕಾಣುವುದಿಲ್ಲ. ಅಂಗಡಿಯಲ್ಲಿ ಮಡಿಚುವವರು ಮೊದಲು ಒಳಗೆ ಸೇರಿಸುವುದೇ ಅದನ್ನು.

ವೆಬ್‌ಸೈಟಿಗಾಗಿ ಸೀರೆ ಕೊಡುತ್ತೀರಾ ಎಂದು ನಾನು ಕೇಳಲು ಹೋದಾಗ ಅವರು ಲಾಳಿ ನಿಲ್ಲಿಸಿ ಒಂದು ಮಾತು ಕೇಳಿದರು.

"ಸಾವ್ಕಾರ್ರು ನನ್ ಸೀರೆ ಅಂತಾರೆ. ಅಂಗಡಿಯೋರೂ ನನ್ ಸೀರೆ ಅಂತಾರೆ. ಉಟ್ಕಂಡಾಕೀನೂ ನನ್ ಸೀರೆ ಅಂತಾಳೆ. ನಾನ್ಯಾವಾಗ ಅನ್ಲಿ?"

ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಫೋನಿನೊಳಗಿನ ಅಂಗಡಿಯಲ್ಲಿ ಅವರ ಸೀರೆಯ ಕೆಳಗೆ ಅವರ ಹೆಸರು ಇರಬೇಕು. ಮೈದುನ ಅಂಗಡಿಯಿಂದ ಬಂದು ಮಾತಾಡಿ, ಆಗಲಿ ಎಂದು ಹೇಳಿ, ಸೀರೆಗಳನ್ನು ಕೊಂಡುಕೊಂಡು ಹೋದ.

ನಾನು ಬೆಲೆಯ ಕೆಳಗೆ ಒಂದು ಸಾಲು ಬರೆದೆ: ನೇಯ್ದವರು ಇಂಥವರು, ಮೊಳಕಾಲ್ಮೂರು. ಅದಕ್ಕೆ ಆ ಪಟ್ಟಿಯ ಅರಿಶಿನದ ಬಣ್ಣವನ್ನೇ ಕೊಡಬೇಕೆಂದು, ಒಂದು ಸೀರೆಯ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪರದೆಯ ಮೇಲೆ ಬಣ್ಣ ಹೊಂದುವವರೆಗೆ ತಿದ್ದಿದೆ. ಮೊದಲಿಗೆ ಬರಲಿಲ್ಲ. ಬೆಲೆಯ ಹತ್ತಿರದ ಎಲ್ಲ ಸಣ್ಣ ಅಕ್ಷರವೂ ಬೂದು ಬಣ್ಣದಲ್ಲಿರಲಿ ಎಂದು ಥೀಮಿನವರು ತೂಕದ ನಿಯಮವೊಂದನ್ನು ಬರೆದಿದ್ದರು. ನಾನೂ ಗುಂಪಿನ ಹೆಸರು, ಅದರೊಳಗಿನ ಗುಂಪಿನ ಹೆಸರು ಸೇರಿಸಿ ನನ್ನ ನಿಯಮದ ತೂಕ ಹೆಚ್ಚಿಸಿದೆ, 'ಇಂಪಾರ್ಟೆಂಟ್' ಎನ್ನದೆಯೇ. ಒಂದು ಮಧ್ಯಾಹ್ನ ಬೂದು ಹೋಗಿ ಅರಿಶಿನ ಬಂತು. ಫೋನಿನಲ್ಲೂ ತೆರೆದು ನೋಡಿದೆ, ಅಲ್ಲೂ ಬಂದಿತ್ತು. ಎದ್ದು ಹೋಗಿ ಒಬ್ಬಳೇ ಕಾಫಿ ಮಾಡಿಕೊಂಡು ಕುಡಿದೆ. ನನಗಾಗಿ ಮಾತ್ರ ಒಲೆ ಹಚ್ಚಿದ್ದು ಆ ಮನೆಯಲ್ಲಿ ಅಪರೂಪ.

ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. ಬಣ್ಣ ಯಾವುದು ಎಂದು ಮಾತ್ರ ಕೇಳಿದರು.

ದೀಪಾವಳಿ ಕಳೆದ ಮೇಲೆ ಅವರ ಮನೆಯಿಂದ ಸೀರೆ ಬರುವುದು ನಿಂತಿತು. ಮಗ್ಗ ಕೆಟ್ಟಿದೆ ಎಂದರು, ಮಂಡಿ ನೋವು ಎಂದರು, ನೂಲು ಬಂದಿಲ್ಲ ಎಂದರು. ನಾನು ಫೋನ್ ಮಾಡಿದರೆ ಅವರ ಸೊಸೆ ಎತ್ತಿ, ಅತ್ತೆ ಮಲಗಿದ್ದಾರೆ ಎನ್ನುತ್ತಿದ್ದಳು. ಹಗಲು ಹೊತ್ತಿನಲ್ಲಿ ಚಿಕ್ಕಮ್ಮ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಒಂದು ಬೆಳಿಗ್ಗೆ ಮನೆಯ ಕೆಲಸ ಮುಗಿಸಿ, ಲ್ಯಾಪ್‌ಟಾಪನ್ನು ಸೀರೆ ಕವರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅವರ ಪುಟವನ್ನು ಅವರಿನ್ನೂ ಸರಿಯಾಗಿ ನೋಡಿರಲಿಕ್ಕಿಲ್ಲ, ದೊಡ್ಡ ಪರದೆಯಲ್ಲಿ ತೋರಿಸಿದರೆ ಸಂತೋಷಪಟ್ಟಾರು ಎಂದುಕೊಂಡಿದ್ದೆ. ಬಸ್ಸು ತಳಕು ದಾಟುವಾಗ ಅದನ್ನೇ ಯೋಚಿಸಿಕೊಂಡು ಒಬ್ಬಳೇ ನಗುತ್ತಿದ್ದೆ ಎಂಬುದನ್ನು ಈಗ ನೆನೆದರೆ ನಾಲಿಗೆ ಕಹಿಯಾಗುತ್ತದೆ.

ಚಿಕ್ಕಮ್ಮ ನನಗೆ ಕುರ್ಚಿ ಹಾಕಿಸಿದರು. ಆ ಮನೆಯಲ್ಲಿ ನಾನು ಕುರ್ಚಿಯ ಮೇಲೆ ಕೂತವಳೇ ಅಲ್ಲ. ನೇರ ಅಡುಗೆಮನೆಗೆ ಹೋಗಿ, ಡಬ್ಬಿ ತೆಗೆದು ಚುರುಮುರಿ ಬಾಯಿಗೆ ಹಾಕಿಕೊಳ್ಳುವವಳು. ಎದ್ದು ಒಳಗೆ ಹೊರಟಾಗ, "ಇರ್ರಿ, ಅಲ್ಲೆಲ್ಲ ಒದ್ದೆ ಐತೆ" ಎಂದರು. ಕಾಫಿ ಬಂದದ್ದು ಬಂಗಾರದ ಗೆರೆಯ ಪಿಂಗಾಣಿ ಕಪ್ಪಿನಲ್ಲಿ, ಸಾಸರಿನ ಸಮೇತ. ಬೀಗರು ಬಂದಾಗ, ಬ್ಯಾಂಕಿನವರು ಬಂದಾಗ ಇಳಿಸುವ ಕಪ್ಪು ಅದು. ಸಾಸರಿನ ಅಂಚಿನಲ್ಲಿ ಧೂಳು ಒರೆಸಿದ ಬಟ್ಟೆಯ ಗುರುತು ಇನ್ನೂ ಇತ್ತು.

ನಾನು ಲ್ಯಾಪ್‌ಟಾಪ್ ತೆರೆದು, ಫೋನಿನಿಂದ ಇಂಟರ್‌ನೆಟ್ ಕೊಟ್ಟು, ಪುಟ ತೋರಿಸಿದೆ. ಸೀರೆ, ಬೆಲೆ, ಬೆಲೆಯ ಕೆಳಗೆ ಅರಿಶಿನದ ಸಾಲು. ಚಿಕ್ಕಮ್ಮ ನೋಡಿದರು. ಸೊಸೆಯ ಕಡೆ ತಿರುಗಿದರು. ಸೊಸೆ ತನ್ನ ಫೋನಿನಲ್ಲಿ ಅದೇ ಪುಟ ತೆರೆದು ನನ್ನ ಮುಂದೆ ಹಿಡಿದಳು. ಸೀರೆ ಇತ್ತು, ಬೆಲೆ ಇತ್ತು. ಬೆಲೆಯ ಕೆಳಗೆ ನೇರವಾಗಿ 'ಈಗಲೇ ಕೊಳ್ಳಿ' ಎಂಬ ಗುಂಡಿ ಬಂದಿತ್ತು.

ಹಳೆಯ ಪುಟ ಇರಬೇಕು ಎಂದು ನಾನು ಬಡಬಡಿಸಿದೆ. ಸೊಸೆಯ ಫೋನಿನಲ್ಲಿ ಹಳೆಯದನ್ನೆಲ್ಲ ಅಳಿಸಿ ಮತ್ತೆ ತೆರೆದೆ. ನನ್ನ ಫೋನಿನಲ್ಲಿ ತೆರೆದೆ. ಎರಡರಲ್ಲೂ ಸಾಲು ಇರಲಿಲ್ಲ.

"ನಿಮ್ ಪೆಟ್ಟಿಗ್ಯಾಗೆ ಐತೆ ಬಿಡ್ರಿ," ಎಂದರು ಚಿಕ್ಕಮ್ಮ. "ನಮಗೆ ತೋರ್ಸಾಕೆ ಅಂತ ಅದ್ರಾಗೆ ಬರ್ಕಂಡ್ ಬಂದೀರಿ."

ಬಸ್ ನಿಲ್ದಾಣದವರೆಗೆ ಸೊಸೆ ನನ್ನ ಜೊತೆ ಬಂದಳು. ದಾರಿಯಲ್ಲಿ ಅವಳೇ ಹೇಳಿದಳು. ದೀಪಾವಳಿಯಾದ ವಾರ ಚಿಕ್ಕಮ್ಮ ಓಣಿಯ ನೇಕಾರ ಹೆಂಗಸರನ್ನೆಲ್ಲ ಜಗುಲಿಗೆ ಕರೆದು ಕೂರಿಸಿದ್ದರಂತೆ. ಹಬ್ಬಕ್ಕೆ ಕರಿದ ಕರಚಿಕಾಯಿ ಕೊಟ್ಟರಂತೆ. ತಮ್ಮ ಹೆಸರು ಫೋನಿನಲ್ಲಿ ಬರುತ್ತದೆ, ನಮ್ಮ ಹುಡುಗಿ ಬರೆದಿದ್ದಾಳೆ, ಅರಿಶಿನದ ಬಣ್ಣದಲ್ಲೇ ಬರೆದಿದ್ದಾಳೆ ಎಂದು ಹೇಳಿ ಸೊಸೆಯ ಕೈಯಲ್ಲಿ ಫೋನ್ ತೆರೆಸಿದರಂತೆ. ಫೋನು ಕೈಯಿಂದ ಕೈಗೆ ಹೋಗಿ ಬಂತು. ಎಲ್ಲೂ ಹೆಸರಿಲ್ಲ. ಆಗ ಎದುರು ಮನೆಯಾಕೆ ಕರಚಿಕಾಯಿ ಕಡಿಯುತ್ತಾ ಅಂದಳಂತೆ:

"ನಿನ್ ಹೆಸ್ರು ಚಳ್ಳಕೆರೆ ಬಸ್ಸಿನಾಗೆ ಬರ್ತಾ ಐತೆ ಕಣಕ್ಕ. ಇವತ್ತು ಬಸ್ಸು ಲೇಟು."

ಈಗ ಚಿಕ್ಕಮ್ಮ ನೀರಿಗೆ ಹೋದರೂ, ಹೂವಿಗೆ ಹೋದರೂ, ಬಸ್ಸು ಬಂತೇನಕ್ಕ ಎಂದು ಓಣಿಯವರು ಕೇಳುತ್ತಾರಂತೆ. ಸೊಸೆ ಇದನ್ನು ಹೇಳುವಾಗ ನಗಲಿಲ್ಲ.

ಮರುದಿನ ಮಧ್ಯಾಹ್ನ ಟವಲು ಹಾಸಿ ಕೂತೆ. ಪರದೆಯ ಪುಟವನ್ನು ಫೋನಿನಷ್ಟು ಅಗಲಕ್ಕೆ ಕುಗ್ಗಿಸಿ ನೋಡುವ ಒಂದು ಅನುಕೂಲ ಲ್ಯಾಪ್‌ಟಾಪಿನಲ್ಲಿದೆ. ಹಾಗೆ ಕುಗ್ಗಿಸುತ್ತಾ ಬಂದೆ. ಒಂದು ಅಗಲದವರೆಗೆ ಅರಿಶಿನದ ಸಾಲು ಇತ್ತು. ಇನ್ನು ಕೂದಲೆಳೆಯಷ್ಟು ಕುಗ್ಗಿಸಿದ ಕೂಡಲೇ ಮಾಯವಾಯಿತು. ಅಲ್ಲೇ ನಿಲ್ಲಿಸಿ, ಯಾವ ನಿಯಮ ಅದನ್ನು ಮರೆಮಾಡಿದೆ ಎಂದು ತೆರೆದು ನೋಡಿದೆ. ನನ್ನ ನಿಯಮ ಅಲ್ಲೇ ಇತ್ತು. ಸಾಲು ಕಾಣಲಿ ಎಂದು ಹೇಳುವ ಭಾಗದ ಮೇಲೆ ಗೆರೆ ಎಳೆದಿತ್ತು. ಅದರ ಮೇಲುಗಡೆ ಬೇರೊಬ್ಬರ ನಿಯಮ. ಪರದೆ ಇಷ್ಟಕ್ಕಿಂತ ಸಣ್ಣದಿದ್ದರೆ ಈ ಸಾಲು ಕಾಣುವುದು ಬೇಡ ಎಂದು ಬರೆದು, ಬಾಲಕ್ಕೆ 'ಇಂಪಾರ್ಟೆಂಟ್' ಅಂಟಿಸಿತ್ತು. ಅದು ಇದ್ದದ್ದು ಥೀಮಿನ ಕಡತದಲ್ಲೂ ಅಲ್ಲ, ನನ್ನ ಕಡತದಲ್ಲೂ ಅಲ್ಲ. ವೆಬ್‌ಸೈಟಿನ ಸೆಟ್ಟಿಂಗಿನಲ್ಲಿ ಹೆಚ್ಚುವರಿ ನಿಯಮಗಳನ್ನು ಬರೆಯಲೆಂದು ಒಂದು ಪೆಟ್ಟಿಗೆ ಇರುತ್ತದೆ. ಅದರಲ್ಲಿ ಬರೆದದ್ದು ಎಲ್ಲರಿಗಿಂತ ಕೊನೆಗೆ ಓದಿಸಿಕೊಳ್ಳುತ್ತದೆ. ಆ ಪೆಟ್ಟಿಗೆಯನ್ನು ನಾನು ತೆರೆದು ನೋಡುವ ಅಭ್ಯಾಸವೇ ಇಟ್ಟುಕೊಂಡಿರಲಿಲ್ಲ. ಹಬ್ಬದ ಮಾರಾಟಕ್ಕೆ ಪುಟ ಸಿಂಗರಿಸಲು ಮೈದುನ ದಾವಣಗೆರೆಯಿಂದ ಒಬ್ಬನನ್ನು ಕರೆಸಿದ್ದು ಆಗ ನೆನಪಾಯಿತು. ಅವನು ಅಂಗಡಿಯಲ್ಲೇ ಕೂತು ಕೆಲಸ ಮಾಡಿ ಹೋಗಿದ್ದ. ಅವನ ಊಟಕ್ಕೆ ಬುತ್ತಿ ಕಟ್ಟಿ ಕಳಿಸಿದ್ದು ನಾನೇ.

ಸಂಜೆ ಅಣ್ಣತಮ್ಮಂದಿರು ಊಟಕ್ಕೆ ಕೂತಾಗ ಕೇಳಿದೆ. ಕೇಳಿದ್ದೂ ಮೆಲ್ಲಗೆ, ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ. ಮೈದುನ ಮುದ್ದೆ ಮುರಿಯುತ್ತಾ ಸುಳ್ಳು ಹೇಳಲಿಲ್ಲ. ಗಿರಾಕಿಗಳೆಲ್ಲ ಫೋನಿನಲ್ಲೇ ನೋಡುವುದು, ಹೆಸರು ನೋಡಿ ಆ ಹೆಂಗಸಿನ ನಂಬರ್ ಕೊಡಿ ಎಂದು ಕೇಳುತ್ತಾರೆ, ಹೀಗೇ ಆದರೆ ನಡುವೆ ಅಂಗಡಿ ಯಾಕಿರಬೇಕು ಎಂದ. ಚಿಕ್ಕಮ್ಮನಿಗೆ ಕೊಟ್ಟ ಮಾತು ಎಂದೆ. ಅವರು ದೊಡ್ಡ ಕಂಪ್ಯೂಟರಿನಲ್ಲಿ ನೋಡಿದರೆ ಇದ್ದೇ ಇದೆಯಲ್ಲ ಎಂದ. ಅವರ ಮನೆಯಲ್ಲಿ ದೊಡ್ಡ ಕಂಪ್ಯೂಟರ್ ಇಲ್ಲವೆಂದು ಅವನಿಗೆ ಗೊತ್ತು.

ನಾನು ನನ್ನ ಗಂಡನ ಕಡೆ ನೋಡಿದೆ. ಅವರು ಸಾರಿಗೆ ಅನ್ನದಲ್ಲಿ ಗುಳಿ ಮಾಡುತ್ತಿದ್ದರು.

"ನಿಮಗೆ ಗೊತ್ತಿತ್ತಾ?"

"ಅಳಿಸಿಲ್ವಲ್ಲ," ಎಂದರು. "ಹೆಸ್ರು ಅಲ್ಲೇ ಐತೆ. ಕಾಣಲ್ಲ, ಅಷ್ಟೇ."

ಅವರು ಅದನ್ನು ಸಮಾಧಾನ ಎಂದುಕೊಂಡೇ ಹೇಳಿದರು. ಕೆಟ್ಟವರಲ್ಲ. ನನಗೆ ಜ್ವರ ಬಂದರೆ ತಾವೇ ಎದ್ದು ಗಂಜಿ ಕಾಸುವವರು. ಆದರೆ ಆ ಮಾತು ಆಡುವಾಗ ಅವರ ಕೈ ಅನ್ನದ ಗುಳಿಯ ಅಂಚನ್ನು ಎಷ್ಟು ನಾಜೂಕಾಗಿ ಸರಿಪಡಿಸುತ್ತಿತ್ತು ಎಂಬುದನ್ನು ನಾನು ಮರೆಯಲಾರೆ. ಈ ಮನೆಯಲ್ಲಿ ನನ್ನ ಎಷ್ಟು ಸಾಲುಗಳು ಹಾಗೆ ಅಳಿಸದೆ, ಕಾಣದೆ ಇವೆಯೋ ಎಂದು ಆಗ ಅನಿಸಿತು. ಸಾರು ಬಡಿಸಿದೆ.

ಮರುದಿನ ನಾನು ನನ್ನ ಕಡತ ತೆರೆದು, ಬಳಸಬಾರದೆಂದು ಕಲಿತ ಆ ಪದವನ್ನು ಬಳಸಿದೆ. ಇಬ್ಬರೂ 'ಇಂಪಾರ್ಟೆಂಟ್' ಎಂದರೆ ಮತ್ತೆ ತೂಕವನ್ನೇ ನೋಡುತ್ತಾರೆ. ಅವರ ನಿಯಮ ಹಗುರದ್ದು; ದಾವಣಗೆರೆಯವನು ಅವಸರದಲ್ಲಿ ಒಂದೇ ಗುಂಪಿನ ಹೆಸರು ಬರೆದಿದ್ದ. ನಾನು ಪುಟದ ಹೆಸರಿನಿಂದ ಹಿಡಿದು ಒಂದೊಂದೇ ಗುಂಪನ್ನು ಪೋಣಿಸುತ್ತಾ ಆ ಸಾಲಿನವರೆಗೆ ಬಂದೆ. ಈ ಸಲ ಗೆರೆ ಅವರ ನಿಯಮದ ಮೇಲೆ ಬಿತ್ತು. ಫೋನ್ ತೆರೆದೆ. ಬೆಲೆಯ ಕೆಳಗೆ ಅರಿಶಿನ ಬಂದಿತ್ತು. ಕಾಫಿ ಮಾಡಿಕೊಳ್ಳಲಿಲ್ಲ.

ಮತ್ತೆ ಮೊಳಕಾಲ್ಮೂರಿಗೆ ಹೋದೆ. ಮತ್ತೆ ಕುರ್ಚಿ, ಮತ್ತೆ ಅದೇ ಕಪ್ಪು. ಸೊಸೆಯ ಫೋನನ್ನೇ ಕೇಳಿ ಇಸಿದುಕೊಂಡು, ಪುಟ ತೆರೆದು ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಕನ್ನಡಕ ತರಿಸಿಕೊಂಡರು. ಹೆಸರಿನ ಮೇಲೆ ಬೆರಳಿಟ್ಟು ಓದಲು ಹೋದರೆ ಪುಟ ಜಾರುತ್ತಿತ್ತು. ಮತ್ತೆ ಎಳೆದುಕೊಂಡು ಓದಿದರು. ನೇಯ್ದು ನೇಯ್ದು ಸವೆದು ನುಣುಪಾದ ಬೆರಳು. ಒಂದು ಕ್ಷಣ ಅವರ ತುಟಿಯ ಮೂಲೆ ಮೆತ್ತಗಾಯಿತು.

ಓಣಿಯವರನ್ನು ಕರೆಯಲೇ ಎಂದು ಕೇಳಿದೆ. ಅವರು ಫೋನಿನಿಂದ ಕಣ್ಣು ತೆಗೆಯದೆ ಕೇಳಿದರು:

"ನಾಳೆ ಇರ್ತೈತಾ?"

ಇರುತ್ತದೆ ಎಂದು ಹೇಳಿಬಿಡಬಹುದಿತ್ತು. ಹೇಳುವಷ್ಟು ಉಸಿರೂ ಎಳೆದುಕೊಂಡಿದ್ದೆ. ಆದರೆ ಸೆಟ್ಟಿಂಗಿನ ಆ ಪೆಟ್ಟಿಗೆಗೆ ಬೀಗ ಹಾಕುವುದು ನನ್ನ ಕೈಯಲ್ಲಿಲ್ಲ. ಮೈದುನ ನೋಡಿದ ದಿನ, ದಾವಣಗೆರೆಯವನು ಇನ್ನೂ ತೂಕದ ನಿಯಮವೊಂದನ್ನು ಬರೆಯುತ್ತಾನೆ. ನಾನು ಅದಕ್ಕಿಂತ ತೂಕದ್ದನ್ನು ಬರೆಯಬೇಕು. ಅವನಿಗೆ ಬೇಸರ ಬಂದರೆ ಸಾಲನ್ನೇ ಕಿತ್ತು ಹಾಕುತ್ತಾನೆ. ಇಲ್ಲದ ಸಾಲನ್ನು ಕಾಣಿಸುವ ನಿಯಮ ಯಾವ ಸ್ಟೈಲ್ ಶೀಟಿನಲ್ಲೂ ಇಲ್ಲ. ಈ ನಡುವೆ ಚಿಕ್ಕಮ್ಮ ಪ್ರತಿ ಬೆಳಿಗ್ಗೆ ಸೊಸೆಯ ಫೋನ್ ತೆರೆಸಿ, ಇವತ್ತು ಇದ್ದೇನೆಯೋ ಇಲ್ಲವೋ ಎಂದು ನೋಡಬೇಕು. ಎದುರು ಮನೆಯಾಕೆಯೂ ನೋಡುತ್ತಾಳೆ.

"ಗೊತ್ತಿಲ್ಲ ಚಿಕ್ಕಮ್ಮ," ಎಂದೆ.

ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮಡಿಚಿದರು.

"ಹಂಗಾದ್ರೆ ತಗುದ್‌ಬಿಡು. ಹೆಸ್ರಷ್ಟೇ ಅಲ್ಲ, ಸೀರೇನೂ ತಗಿ. ಒಂದಿನ ಇದ್ದು ಒಂದಿನ ಇಲ್ಲ ಅಂದ್ರೆ ನನಗೆ ಓಣ್ಯಾಗೆ ತಿರುಗಾಕಾಗಲ್ಲ."

ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಅವರ ಸೀರೆಗಳನ್ನು ಒಂದೊಂದಾಗಿ ಪುಟದಿಂದ ತೆಗೆದೆ. ಪ್ರತಿಯೊಂದಕ್ಕೂ, ಖಚಿತವೇ ಎಂದು ಅದು ಕೇಳುತ್ತಿತ್ತು. ಹೌದು ಎಂದು ಒತ್ತುತ್ತಿದ್ದೆ. ಮನೆಯಲ್ಲಿ ನನ್ನನ್ನು ಹಾಗೆ ಕೇಳಿ ಮಾಡಿದ ಕೆಲಸ ಯಾವುದೂ ನೆನಪಿಲ್ಲ. ಅಂಗಡಿಯ ಬೀರುವಿನಲ್ಲಿ ಇನ್ನೂ ಉಳಿದಿರುವ ಅವರ ಸೀರೆಗಳನ್ನು ತೆಗೆಯಲು ನನ್ನಿಂದಾಗದು. ಅವು ಕೊಂಡವರವು, ಹೆಸರಿಲ್ಲದೆ ಕೌಂಟರಿನ ಮೇಲೆ ಬಿಚ್ಚಿಕೊಳ್ಳುತ್ತವೆ. ಅದನ್ನು ಚಿಕ್ಕಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ. ಮುಗಿಸಿ ತಲೆ ಎತ್ತಿದಾಗ ಅವರು ಮಗ್ಗದ ಗುಂಡಿಗೆ ಇಳಿದಾಗಿತ್ತು. ಕಪ್ಪಿನ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅದನ್ನು ತೊಳೆದಿಡುತ್ತೇನೆ ಎಂದು ಎತ್ತಿಕೊಂಡೆ. ಅಲ್ಲೇ ಇಡಿ ಅಕ್ಕ ಎಂದು ಸೊಸೆ ಇಸಿದುಕೊಂಡಳು.

ಅಂಗಡಿಯಲ್ಲಿ ಇದು ಗೊತ್ತಾದದ್ದು, ಕ್ಯಾಂಪಸ್ಸಿನ ಯಾವುದೋ ಗಿರಾಕಿ ಮೊದಲು ನೋಡಿಟ್ಟಿದ್ದ ಸೀರೆ ಈಗ ಸಿಗುತ್ತಿಲ್ಲ ಎಂದು ಕೇಳಿದಾಗ. ಮೈದುನ ದಾವಣಗೆರೆಯವನಿಗೆ ಫೋನ್ ಹಚ್ಚಿದ. ಯಾವ ನಿಯಮ ಸೀರೆಗಳನ್ನು ಮರೆಮಾಡಿದೆ ಎಂದು ಅವನು ಹುಡುಕಿದ, ಪೆಟ್ಟಿಗೆಯಲ್ಲಿ ಹುಡುಕಿದ, ನನ್ನ ಕಡತದಲ್ಲೂ ಹುಡುಕಿದ. ಸಂಜೆ ಊಟಕ್ಕೆ ಕೂತಾಗ ಮೈದುನ, ತೀರ ಮರ್ಯಾದೆಯಿಂದಲೇ ಅಂದ:

"ಅತ್ತಿಗೆ, ನಿಮ್ ಚಿಕ್ಕಮ್ಮಾರ ಸೀರೆ ಕಾಣ್ತಿಲ್ಲ. ಯಾವ್ದೋ ರೂಲು ಅಡ್ಡ ಬಂದಂಗೈತೆ, ನೀವೇ ಒಂಚೂರು ನೋಡ್ರಿ."

"ಅಡ್ಡ ಏನೂ ಬಂದಿಲ್ಲ," ಎಂದೆ. "ಅಲ್ಲಿ ಏನೂ ಇಲ್ಲ."

ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದರು. ಏನೋ ಕೇಳುವವರಂತೆ ಬಾಯಿ ತೆರೆದರು. ಆಮೇಲೆ ಮಜ್ಜಿಗೆ ಕೇಳಿದರು. ಬಡಿಸಿದೆ.